ಪಂಜು ಅಳಿಸಿದ ಕಡಲಕರೆ

ಚಿಪ್ಪಿನಕೇರಿ ಅಂತ ಒಂದು ಕಡಲಕರೆ, ಕಡಲ ದಂಡೆಯ ಊರು. ಅಲ್ಲಿ ಚಂದಕ್ಕ ಅಂತ ಒಬ್ಬಳು ತಾಯಿ, ಅವಳಿಗೆ ಪಂಜು ಅಂತ ಒಬ್ಬ ಮಗ. ಮಗ ಅಂದರೆ ಮೀಸೆ ಬಂದ ಮಗ, ಬಾಗಿಲನ್ನು ಬಗ್ಗಿ ದಾಟಬೇಕಾದಷ್ಟು ಉದ್ದದ ಮಗ. ಬುದ್ಧಿ ಮಾತ್ರ ತೊಟ್ಟಿಲಲ್ಲೇ ಉಳಿದಿತ್ತು. ಬಾಗಿಲು ನೋಡಿಕೋ ಅಂತ ಹೇಳಿ ಚಂದಕ್ಕ ಮೀನು ಮಾರಲು ಹೋದರೆ ಇವನು ಮುಂಬಾಗಿಲನ್ನೇ ನೋಡುತ್ತ ಕೂರುವನು. ಬೆಕ್ಕು ಹಿಂಬಾಗಿಲಿಂದ ಬಂದು ಸಾರಿನ ಮೀನೆಲ್ಲ ತಿಂದು, ಮೀಸೆ ನೆಕ್ಕಿಕೊಂಡು ಹೋಗುವುದು. ಬೈದರೆ, ನೀನು ಬಾಗಿಲು ನೋಡು ಅಂದೆ, ನಾನು ನೋಡಿದೆ, ಅನ್ನುವನು. ಅದು ಸುಳ್ಳೇನಲ್ಲ, ಅದಕ್ಕೇ ಚಂದಕ್ಕನಿಗೆ ಇನ್ನೂ ಸಿಟ್ಟು ಬರುತ್ತಿತ್ತು.

ಚಂದಕ್ಕನಿಗೆ ಇದಕ್ಕಿಂತ ದೊಡ್ಡ ಸಂಕಟ ಇನ್ನೊಂದಿತ್ತು. ಅವಳ ಗಂಡ ಸೋಮ ಮರಕಾಲ ಕಡಲಿಗೆ ಹೋದವನು ತಿರುಗಿ ಬರಲಿಲ್ಲ. ದೋಣಿಯೂ ಬರಲಿಲ್ಲ, ಹೆಣವೂ ಬರಲಿಲ್ಲ. ವರ್ಷಗಳೇ ಕಳೆದವು. ಕಾರ್ಯ ಮಾಡಿ ಮುಗಿಸು ಅಂತ ಕೇರಿಯ ಹಿರಿಯರು ಹೇಳಿ ಹೇಳಿ ಸೋತರು. ಕಣ್ಣಿಂದ ಕಾಣದೆ ನಾನು ಬಳೆ ತೆಗೆಯುವುದಿಲ್ಲ ಅಂತ ಅವಳದು ಒಂದೇ ಹಟ. ದಿನಾ ಸಂಜೆ ನೀರಿನ ಅಂಚಿಗೆ ಹೋಗಿ ನಿಲ್ಲುವಳು. ಈ ಮರಳಿನ ಮೇಲೆ ಒಮ್ಮೆ ಅವನು ನಿಂತದ್ದನ್ನು ಕಂಡರೆ ಸಾಕು, ಅವಳಿಗೆ ಬೇರೇನೂ ಬೇಡ.

ಕರೆಯ ಮೇಲಿನ ರಸ್ತೆಯಲ್ಲಿ ವಾಮನ ಪೈಗಳ ಸ್ಟುಡಿಯೋ. ಎಲ್ಲರ ಕೈಯಲ್ಲೂ ಫೋನು ಬಂದ ಮೇಲೆ ಮದುವೆಗೆ ಅವರನ್ನು ಕರೆಯುವವರು ಇರಲಿಲ್ಲ. ಹಾಗಾಗಿ ಕಡಲಿನ ಫೋಟೋ ತೆಗೆದು ಪೇಟೆಯ ಹೋಟೆಲುಗಳಿಗೆ ಮಾರುತ್ತಿದ್ದರು. ಪೇಟೆಯವರಿಗೆ ಬೇಕಾದದ್ದು ಏನೂ ಇಲ್ಲದ ಫೋಟೋ. ಕೆಳಗೆ ಒಂದು ಗೆರೆ ಮರಳು, ನಡುವೆ ಒಂದು ಗೆರೆ ನೀರು, ಮೇಲೆ ಆಕಾಶ, ಮುಗಿಯಿತು. ಕಡಲಕರೆ ಬೇಕು, ಕರೆಯವರು ಬೇಡ. ಅದಕ್ಕೆ ಗಾಜು ಹಾಕಿಸಿ ಗೋಡೆಗೆ ತೂಗುಹಾಕಿ, ಅದರ ಕೆಳಗೆ ಕೂತು ಬಂಗುಡೆ ಫ್ರೈ ತಿನ್ನುತ್ತಾರೆ.

ನನ್ನ ನಂತರ ಇವನಿಗೆ ಯಾರು ಗತಿ ಅಂತ ಚಂದಕ್ಕ ಅತ್ತದ್ದಕ್ಕೆ ಪೈಗಳು ಪಂಜುವನ್ನು ಕಂಪ್ಯೂಟರಿನ ಮುಂದೆ ಕೂರಿಸಿದರು. ಮೌಸ್ ಹಿಡಿಯಲು ಕಲಿಸಿದರು, ಅಳಿಸಲು ಕಲಿಸಿದರು, ಅಳಿಸಿದ್ದನ್ನು ವಾಪಸ್ ತರಲು ಕಲಿಸಿದರು. ಹೀಗೇ ಇರಲಿ ಅಂತ ತಾವು ಒಪ್ಪಿದ ಮೇಲೆ ಫೋಟೋದ ಪದರಗಳನ್ನೆಲ್ಲ ಒಂದು ಮಾಡಿ ಲಾಕ್ ಮಾಡಲು ಕಲಿಸಿದರು. ಹೇಳಿದಷ್ಟೇ ಮಾಡುವ ಜನ ಸಿಗುವುದು ಕಷ್ಟ ಅಂತ ಪೈಗಳಿಗೆ ಖುಷಿಯೋ ಖುಷಿ.

ಮೊದಲು ಬಂದದ್ದು ದಾಸ ಖಾರ್ವಿಯ ದೋಣಿಯ ಫೋಟೋ. ಬಿಳಿ ಮರಳಿನ ನಡುವೆ ಒಂದು ನೀಲಿ ದೋಣಿ, ಸುತ್ತ ಬಾಟಲಿ, ಹಗ್ಗದ ತುಂಡು, ಹರಿದ ಚಪ್ಪಲಿ. ಮರಳು ನೀರು ಬಿಟ್ಟು ಉಳಿದದ್ದೆಲ್ಲ ಕಸ, ಅಳಿಸು ಅಂತ ಹೇಳಿ ಪೈಗಳು ಊಟಕ್ಕೆ ಹೋದರು. ಪಂಜು ತಲೆಯಾಡಿಸಿದ. ಹೇಳಿದ್ದನ್ನು ಹೇಳಿದ ಹಾಗೆ ಮಾಡಿದ. ಬಾಟಲಿ ಹೋಯಿತು, ಹಗ್ಗ ಹೋಯಿತು, ಚಪ್ಪಲಿ ಹೋಯಿತು, ದೋಣಿಯೂ ಹೋಯಿತು.

ಪೈಗಳು ಬಂದು ತಲೆ ಚಚ್ಚಿಕೊಂಡರು. "ಎಂತದಾ ಇದು? ದೋಣಿಯೇ ಹೋದ್ರೆ ಫೋಟೋದಲ್ಲಿ ಇನ್ನೆಂತ ಉಂಟು? ಇನ್ನು ಮೇಲೆ ಒಂದನ್ನು ಇಡು, ಉಳಿದದ್ದು ತೆಗಿ."

ಆ ಮಧ್ಯಾಹ್ನ ದಾಸ ಖಾರ್ವಿ ಕರೆಗೆ ಇಳಿದು ನೋಡಿದರೆ ದೋಣಿ ಇಲ್ಲ. ಎಳೆದುಕೊಂಡು ಹೋದ ಗುರುತಿಲ್ಲ, ಹೆಜ್ಜೆಯ ಗುರುತಿಲ್ಲ. ದೋಣಿ ಕೂತಿದ್ದ ಜಾಗದಲ್ಲಿ ಮರಳು ಸಪಾಟಾಗಿತ್ತು, ಅಲ್ಲಿ ಯಾವತ್ತೂ ಏನೂ ಇರಲೇ ಇಲ್ಲ ಅನ್ನುವ ಹಾಗೆ. ಕಳ್ಳರ ಕೆಲಸ ಅಂದರು ಕೆಲವರು. ದಾಸ ಮಾತ್ರ ಆ ಜಾಗವನ್ನು ಕಾಲಲ್ಲಿ ಮುಟ್ಟಲಿಲ್ಲ.

ಆಮೇಲೆ ಬಂದ ಫೋಟೋದಲ್ಲಿ ಒಣಹಾಕಿದ ಬಲೆ, ಕರೆಯ ನಾಯಿಗಳು, ಹಿಂಡು ಕಾಗೆ. ಒಂದನ್ನು ಇಡು ಅಂದಿದ್ದಾರಲ್ಲ? ಪಂಜು ತಲೆಯಾಡಿಸಿದ. ಹೇಳಿದ್ದನ್ನು ಹೇಳಿದ ಹಾಗೆ ಮಾಡಿದ. ಒಂದು ಕುಂಟು ನಾಯಿಯನ್ನು ಇಟ್ಟ, ಉಳಿದದ್ದನ್ನೆಲ್ಲ ತೆಗೆದ.

ಅವತ್ತು ಉಪಾಧ್ಯರ ಮನೆಯಲ್ಲಿ ಅಪ್ಪನ ಶ್ರಾದ್ಧ. ಎಲೆಯ ಮೇಲೆ ಪಿಂಡ ಇಟ್ಟು ಕಾಗೆಯನ್ನು ಕರೆದರು. ಕಾಗೆ ಬರಲಿಲ್ಲ. ಮರದಲ್ಲೂ ಇಲ್ಲ, ಮನೆಯ ಮಾಡಿನ ಮೇಲೂ ಇಲ್ಲ, ದೂರದಲ್ಲೂ ಕೂಗು ಇಲ್ಲ. ಕಾಗೆ ಮುಟ್ಟದೆ ಯಾರೂ ಉಣ್ಣುವ ಹಾಗಿಲ್ಲ. ಮಕ್ಕಳು ಹಸಿದು ಅತ್ತವು. ಅಪ್ಪನಿಗೆ ಸಿಟ್ಟಿದೆ, ತಪ್ಪು ಒಪ್ಪಿಕೋ ಅಂದಳು ಮುದಿ ಅತ್ತೆ. ಉಪಾಧ್ಯರು ಎಲೆಯ ಮುಂದೆ ಕೈಮುಗಿದು ಒಂದೊಂದಾಗಿ ಒಪ್ಪಿಕೊಳ್ಳುತ್ತ ಹೋದರು, ಹೆಂಡತಿಗೂ ಗೊತ್ತಿಲ್ಲದ್ದನ್ನೆಲ್ಲ ಒಪ್ಪಿಕೊಂಡರು. ಕಾಗೆ ಬರಲಿಲ್ಲ. ಕರೆಯಲ್ಲಿ ಒಂದು ಕುಂಟು ನಾಯಿ ಮಾತ್ರ ನೀರಿನ ಕಡೆಗೆ ಮುಖ ಮಾಡಿ ಕೂತಿತ್ತು, ಕರೆದರೆ ತಿರುಗುತ್ತಿರಲಿಲ್ಲ.

ಪೈಗಳಿಗೆ ಇದರ ಗೊಡವೆ ಇಲ್ಲ, ಅವರ ಚಿಂತೆ ಫೋಟೋದ್ದು. ಬಲೆ ಬೇಕಿತ್ತು, ಕುಂಟು ನಾಯಿಯನ್ನು ಯಾರು ಕೊಳ್ಳುತ್ತಾರೆ ಅಂತ ಬೈದರು. ಇನ್ನು ತೆಗೆಯುವ ಕೆಲಸವೇ ಬೇಡ, ಓರೆ ಇದ್ದದ್ದನ್ನು ನೇರ ಮಾಡು, ಅಷ್ಟು ಸಾಕು ಅಂದರು. ಅವರು ಹೇಳಿದ್ದು ಕಡಲಿನ ಗೆರೆಯನ್ನು. ಕ್ಯಾಮೆರಾ ಒಂಚೂರು ವಾಲಿದ್ದರೆ ಫೋಟೋದಲ್ಲಿ ಕಡಲೂ ವಾಲುತ್ತದಲ್ಲ, ಅದನ್ನು.

ಪಂಜು ತಲೆಯಾಡಿಸಿದ. ಹೇಳಿದ್ದನ್ನು ಹೇಳಿದ ಹಾಗೆ ಮಾಡಿದ. ಕಡಲಿನ ಗೆರೆ ನೇರವಾಯಿತು. ಮೂಲೆಯಲ್ಲಿ ಚಿಪ್ಪು ಹೆಕ್ಕುತ್ತಿದ್ದ ದುಗ್ಗಜ್ಜಿಯ ಬೆನ್ನು ಬಾಗಿತ್ತು, ಅದನ್ನೂ ನೇರ ಮಾಡಿದ.

ಮಧ್ಯಾಹ್ನ ಚಂದಕ್ಕ ಮಗನಿಗೆ ಬುತ್ತಿ ತರುವಾಗ ದಾರಿಯಲ್ಲಿ ದುಗ್ಗಜ್ಜಿ ಎದುರಾದಳು. ಅಷ್ಟು ವರ್ಷ ನೆಲ ನೋಡಿಕೊಂಡೇ ನಡೆದ ಮುದುಕಿ ಕಂಬದ ಹಾಗೆ ನೆಟ್ಟಗೆ ನಿಂತಿದ್ದಳು. ಕೆಳಗೆ ನೋಡಲಾಗದೆ, ಕಾಲು ಎಲ್ಲಿಡುವುದೋ ತಿಳಿಯದೆ ಅಳುತ್ತಿದ್ದಳು. ಬೆನ್ನು ಮುಟ್ಟಿದರೆ ಹಲಗೆಯಷ್ಟು ಗಟ್ಟಿ. ಚಂದಕ್ಕ ಅವಳನ್ನು ಮನೆ ಸೇರಿಸಿ ಸ್ಟುಡಿಯೋಗೆ ಬಂದು ನೋಡಿದರೆ ಕಂಪ್ಯೂಟರಿನೊಳಗೆ ಅದೇ ದುಗ್ಗಜ್ಜಿ, ಅದೇ ನೆಟ್ಟಗಿನ ಬೆನ್ನು. ಚಂದಕ್ಕನಿಗೆ ದೋಣಿ ಹೋದದ್ದು ಹೇಗೆ, ಕಾಗೆ ಹೋದದ್ದು ಹೇಗೆ, ಎಲ್ಲ ಒಟ್ಟಿಗೆ ಹೊಳೆಯಿತು.

ತೆಗೆದದ್ದನ್ನೆಲ್ಲ ವಾಪಸ್ ತಾ, ಬಾಗಿದ್ದನ್ನು ಬಾಗಿದ ಹಾಗೇ ಮಾಡು ಅಂದಳು. ಪಂಜು ಒಂದೊಂದೇ ಫೋಟೋ ತೆರೆದು ಹಿಂದಕ್ಕೆ ಒತ್ತಿದ. ದುಗ್ಗಜ್ಜಿಯ ಬೆನ್ನು ಮತ್ತೆ ಬಾಗಿತು. ಕಾಗೆಗಳ ಕೂಗು ಆಕಾಶದಿಂದ ಸುರಿದ ಹಾಗೆ ಬಂತು. ಕಿಟಕಿಯಿಂದ ಕಾಣುವ ಕರೆಯಲ್ಲಿ ದಾಸನ ನೀಲಿ ದೋಣಿ ಮತ್ತೆ ಕೂತಿತ್ತು. ಆದರೆ ಅದರ ಬುಡಕ್ಕೆ ದಪ್ಪ ಚಿಪ್ಪು ಮೆತ್ತಿತ್ತು, ಅಷ್ಟು ದಿನ ಎಲ್ಲೋ ನೀರಿನಡಿಯಲ್ಲಿ ಇದ್ದು ಬಂದ ಹಾಗೆ. ದಾಸ ಅದನ್ನು ಮತ್ತೆ ಕಡಲಿಗೆ ಇಳಿಸಲೇ ಇಲ್ಲ.

ಆ ಚಿಪ್ಪು ಚಂದಕ್ಕನನ್ನು ಮಲಗಲು ಬಿಡಲಿಲ್ಲ. ದೋಣಿ ಎಲ್ಲಿಗೆ ಹೋಗಿತ್ತು? ತನ್ನ ಗಂಡ ಹೋದಲ್ಲಿಗೇ ಇರಬೇಕು. ಹೋದ ದೋಣಿ ಬರುವುದಾದರೆ ಹೋದ ಮನುಷ್ಯ ಯಾಕೆ ಬರಬಾರದು?

ಪೈಗಳು ಫೋಟೋ ಕೊಡಲು ಪೇಟೆಗೆ ಹೋದ ದಿನ ನೋಡಿ ಅವಳು ಸ್ಟುಡಿಯೋಗೆ ಬಂದಳು. ಆ ಮಗನನ್ನು ಹೆತ್ತವಳಲ್ಲವೇ, ಮಾತು ಜಾರಿದರೆ ಏನಾಗುತ್ತದೆ ಅಂತ ಅವಳಿಗೆ ಗೊತ್ತಿಲ್ಲವೇ! ಹೇಳಬೇಕಾದದ್ದನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡೇ ಬಂದಿದ್ದಳು. ಗಂಡ ಹೊಸ ದೋಣಿ ನೀರಿಗಿಳಿಸಿದ ದಿನ ಪೈಗಳು ತೆಗೆದ ಹಳೆಯ ಫೋಟೋ ಕಂಪ್ಯೂಟರಿನಲ್ಲಿತ್ತು. ಅದರಲ್ಲಿ ಸೋಮ ಮರಕಾಲ ನಗುತ್ತ ನಿಂತಿದ್ದ.

"ಮಗಾ, ಸಮಾ ಕೇಣ್. ನಿನ್ನ ಅಪ್ಪಯ್ಯನ್ನ ಈ ಕರೆ ಮೇಲೆ ತಂದು ನಿಲ್ಸ್. ಕೈಕಾಲು ಸಮೇತ ಇಡೀ ಬರ್ಕ್. ಎಂತದೂ ತೆಗೀಬೇಡ. ಭುಜ ಓರೆ ಇತ್ತ್, ಅದು ಓರೆಯೇ ಇರ್ಲಿ. ಮೈ ಒದ್ದೆ ಇರೂಕಾಗ, ಒಣಗಿಯೇ ಇರ್ಲಿ. ಉಸಿರಾಡ್ಕ್."

ಉಸಿರಾಡಿಸುವುದು ಹೇಗೆ ಅಂತ ಪೈಗಳು ಕಲಿಸಿಲ್ಲ ಅಂದ ಪಂಜು. ಅವಳು ಯೋಚಿಸಿ, ಬಾಯಿ ಒಂಚೂರು ತೆರೆದ ಹಾಗೆ ಇಡು ಅಂದಳು. ಪಂಜು ತಲೆಯಾಡಿಸಿದ. ಹೇಳಿದ್ದನ್ನು ಹೇಳಿದ ಹಾಗೆ ಮಾಡಿದ. ಕೂದಲು ಬಿಡದೆ, ಉಗುರು ಬಿಡದೆ ಅಪ್ಪಯ್ಯನನ್ನು ತಂದು, ಖಾಲಿ ಕರೆಯ ಫೋಟೋದಲ್ಲಿ ನೀರಿನ ಅಂಚಿಗೆ ನಿಲ್ಲಿಸಿದ. ಬಿಸಿಲು ಯಾವ ಕಡೆಯಿಂದ ಬೀಳುತ್ತಿದೆ ಅಂತ ನೋಡಿ ನೆರಳನ್ನೂ ಹಾಕಿದ.

ಚಂದಕ್ಕ ಕಿಟಕಿಯಿಂದ ನೋಡಿದಳು. ಹಗಲು ಬಿಸಿಲಿನಲ್ಲಿ, ನೀರಿನ ಅಂಚಿನಲ್ಲಿ, ಅವನು ನಿಂತಿದ್ದ. ಅದೇ ಓರೆ ಭುಜ. ವಯಸ್ಸು ಒಂದು ದಿನವೂ ಆಗಿರಲಿಲ್ಲ. ತಲೆ ಮೇಲಕ್ಕೆತ್ತಿ ಸ್ಟುಡಿಯೋದ ಕಡೆಗೆ ನೋಡಿ, ಕೈ ಎತ್ತಿದ.

ಅಷ್ಟು ವರ್ಷ ಬಿಗಿಹಿಡಿದಿದ್ದ ಮನಸ್ಸು ಒಮ್ಮೆಲೇ ಸಡಿಲಾಯಿತು. ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು. ಅವಳು ಬಾಗಿಲಿಗೆ ಓಡಿದಳು, ಓಡುತ್ತಲೇ ತಿರುಗಿ ಹೇಳಿದಳು: "ಸಾಕ್ ಮಗಾ, ಇನ್ನ್ ಎಂತದೂ ಮುಟ್ಬೇಡ. ಹೀಂಗೇ ಇರ್ಲಿ. ಯಾವತ್ತೂ ಹೀಂಗೇ ಇರ್ಲಿ."

ಪಂಜು ತಲೆಯಾಡಿಸಿದ. ಫೋಟೋ ಯಾವತ್ತೂ ಹಾಗೇ ಇರಬೇಕಾದರೆ ಏನು ಮಾಡಬೇಕು ಅಂತ ಅವನಿಗೆ ಗೊತ್ತಿತ್ತು. ಎಲ್ಲವನ್ನೂ ಒಂದು ಮಾಡಬೇಕು, ಲಾಕ್ ಮಾಡಬೇಕು. ಅದಾದ ಮೇಲೆ ಹಿಂದಕ್ಕೆ ಒತ್ತಿದರೂ ಏನೂ ತಿರುಗಿ ಬರುವುದಿಲ್ಲ. ಅವನು ಒತ್ತಿದ. ಕಂಪ್ಯೂಟರು ಹಳೆಯದು, ನಿಧಾನ. ಒಂದು ಹಸಿರು ಪಟ್ಟಿ ತುಂಬುತ್ತ ಬಂತು. ಕಿಟಕಿಯಾಚೆ ಚಂದಕ್ಕ ಸೆರಗು ಜಾರಿದ್ದೂ ತಿಳಿಯದೆ ಮರಳಿನಲ್ಲಿ ಓಡುತ್ತಿದ್ದಳು. ಸೋಮನೂ ಅವಳ ಕಡೆಗೆ ಹೆಜ್ಜೆ ಎತ್ತಿದ. ಪಟ್ಟಿ ತುಂಬುತ್ತಿತ್ತು, ಅವಳು ಓಡುತ್ತಿದ್ದಳು. ಅವಳು ಕೈ ಚಾಚಿದಳು, ಅವನೂ ಚಾಚಿದ. ಇನ್ನೊಂದು ಗೇಣು.

ಪಟ್ಟಿ ತುಂಬಿತು.

ತೆರೆ ಎದ್ದದ್ದು ಬೀಳಲಿಲ್ಲ. ಹಾರುತ್ತಿದ್ದ ಕಾಗೆ ಗಾಳಿಯಲ್ಲೇ ಉಳಿಯಿತು. ಕಡಲಿನ ಸದ್ದು ನಿಂತಿತು. ಎರಡು ಕೈಗಳ ನಡುವೆ ಆ ಗೇಣು ಜಾಗ ಹಾಗೇ ಇತ್ತು, ಅದರಲ್ಲಿ ಆಚೆಯ ನೀರು ಕಾಣುತ್ತಿತ್ತು.

ಪಂಜು ಮೌಸ್ ಬಿಟ್ಟು ಕೈ ಮಡಚಿ ಕೂತ. ಹೇಳಿದ್ದನ್ನು ಹೇಳಿದ ಹಾಗೆ ಮಾಡಿದ್ದ, ಒಂದೂ ತಪ್ಪಿರಲಿಲ್ಲ. ಆದರೂ ಪ್ರತಿ ಸಲ ಯಾರಾದರೂ ಬೈಯುತ್ತಿದ್ದರು, ಬೈದು ಮುಂದೇನು ಮಾಡಬೇಕು ಅಂತ ಹೇಳುತ್ತಿದ್ದರು. ಇಷ್ಟು ಹೊತ್ತಿಗೆ ಅಮ್ಮ ಬಂದು ಬೈಯಬೇಕಿತ್ತು. ಅವನು ಬಾಗಿಲು ನೋಡುತ್ತ ಕೂತಿದ್ದಾನೆ, ಬಿಸಿಲು ಇನ್ನೂ ಇಳಿದಿಲ್ಲ.