ಹುಣಸೆಬೀಜದ ಪರೀಕ್ಷೆ

"ಬುದ್ಧೀ, ಒಂದೇ ಮಗುವಿನ ಕೈ ಎರಡು ದಿನ ಎರಡು ಅಳತೆ ಕೊಟ್ಟರೆ ಯಾವುದನ್ನು ನಂಬಬೇಕು?" ಎಂದು ಚನ್ನಮಲ್ಲ ಗುರುಗಳನ್ನು ಕೇಳಿದ.

ಚನ್ನಮಲ್ಲ ಮಠದ ಶಾಲೆಯಲ್ಲಿ ಮಕ್ಕಳಿಗೆ ಅಕ್ಷರ ತಿದ್ದಿಸುವವನು. ಮರಳಿನ ಮೇಲೆ ತಿದ್ದುವ ಮಕ್ಕಳಲ್ಲಿ ಯಾರ ಕೈ ಲೇಖನಿ ಹಿಡಿಯುವಷ್ಟು ಪಳಗಿದೆ ಎಂದು ನೋಡಿ ಮುಂದಿನ ಸಾಲಿಗೆ ಕಳಿಸುವುದು ಅವನ ಕೆಲಸ. ದುರುಗೇಶನೆಂಬ ಹುಡುಗ ನಿನ್ನೆ ಮಧ್ಯಾಹ್ನ ಗೆರೆ ತಪ್ಪದೆ ಬರೆದಿದ್ದ. ಇಂದು ಬೆಳಗಿನ ಚಳಿಯಲ್ಲಿ ಹೊಳೆಯ ಸ್ನಾನ ಮುಗಿಸಿ ಬಂದವನನ್ನು ಕೂರಿಸಿ ಬರೆಸಿದರೆ ಒಂದು ಗೆರೆಯೂ ನೆಟ್ಟಗಿರಲಿಲ್ಲ.

"ಕೈ ಮರಗಟ್ಟಿದೆ ಅಂತ ನೆಪ ಹೇಳುತ್ತಾನೆ ಬುದ್ಧೀ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ನಿನ್ನೆ ಹೇಗೋ ಆಗಿಹೋಗಿರಬೇಕು. ಅವನನ್ನು ಈ ವರ್ಷ ಮರಳಿನಲ್ಲೇ ಬಿಡುತ್ತೇನೆ."

"ಗಾದೆಯನ್ನೇನೋ ಚೆನ್ನಾಗಿ ಕಲಿತಿದ್ದೀಯ. ಕೂತುಕೋ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ" ಎಂದರು ಗುರುಗಳು.

ಒಂದು ಊರಿನಲ್ಲಿ ಓಲೆಗರಿಯ ಶಾಲೆಯಿತ್ತು. ಗರಿಯ ಮೇಲೆ ಕಬ್ಬಿಣದ ಮೊನೆಯಿಂದ ಬರೆಯಬೇಕು. ಹೆಚ್ಚು ಒತ್ತಿದರೆ ಗರಿ ಹರಿಯುತ್ತದೆ, ಸಡಿಲ ಬಿಟ್ಟರೆ ಅಕ್ಷರ ಮೂಡುವುದಿಲ್ಲ. ಆದ್ದರಿಂದ ಶಾಲೆಗೆ ಸೇರಿಸುವ ಮೊದಲು ಮಕ್ಕಳ ಕೈಯನ್ನು ಪರೀಕ್ಷಿಸುತ್ತಿದ್ದರು. ಒಂದು ಹಿಡಿ ಹುಣಸೆಬೀಜ, ಒಂದು ಕಿರಿಬಾಯಿಯ ಗಡಿಗೆ. ಪರೀಕ್ಷಕ ನೂರು ಎಣಿಸುವುದರೊಳಗೆ ಮಗು ಬೀಜಗಳನ್ನು ಒಂದೊಂದಾಗಿ ಗಡಿಗೆಯೊಳಗೆ ಹಾಕಬೇಕು. ಹಾಕಿದರೆ ಶಾಲೆ, ಚೆಲ್ಲಿದರೆ ಮನೆ.

ಪರೀಕ್ಷಕ ನ್ಯಾಯವಂತ. ಯಾರ ಕೈಯಿಂದಲೂ ಒಂದು ಬಾಳೆಹಣ್ಣು ಮುಟ್ಟಿದವನಲ್ಲ, ಮುಖ ನೋಡಿ ಮಣೆ ಹಾಕಿದವನಲ್ಲ. ಸಾಹುಕಾರನ ಮಗನಿಗೂ ಕೂಲಿಯವನ ಮಗನಿಗೂ ಅದೇ ಬೀಜ, ಅದೇ ಗಡಿಗೆ, ಕೂರಲು ಅದೇ ಎತ್ತರದ ಪೀಠ. ಅದರ ಬಗ್ಗೆ ಅವನಿಗೆ ಹೆಮ್ಮೆಯಿತ್ತು.

ಒಮ್ಮೆ ಒಬ್ಬ ಗಾಣಿಗ ಮಗಳನ್ನು ಕರೆತಂದ. ಎಂಟು ತುಂಬಿದವರನ್ನು ಆ ಶಾಲೆ ಸೇರಿಸಿಕೊಳ್ಳುತ್ತಿರಲಿಲ್ಲ. ಹುಡುಗಿಗೆ ಎಂಟು ತುಂಬುವುದರಲ್ಲಿತ್ತು, ಅವಳಿಗೆ ಅದೇ ಕೊನೆಯ ಸಲ. ಓದು ಬರಹ ಕಲಿಯಬೇಕೆಂದು ಊಟ ಬಿಟ್ಟು ಹಟ ಹಿಡಿದು ಬಂದವಳು. ಪೀಠದ ಮೇಲೆ ಕೂತಳು. ಬೀಜಗಳು ಗಡಿಗೆಯೊಳಗೆ ಬಿದ್ದದ್ದಕ್ಕಿಂತ ಹೊರಗೆ ಬಿದ್ದದ್ದೇ ಹೆಚ್ಚು.

"ಸ್ವಾಮೀ, ಮನೆಯಲ್ಲಿ ಒಂದು ಬೀಜವನ್ನೂ ಬೀಳಿಸುವುದಿಲ್ಲ. ಇಲ್ಲಿ ಏನಾಯಿತೋ ಕಾಣೆ" ಎಂದು ಗಾಣಿಗ ಅಂಗಲಾಚಿದ.

"ಕುಣಿಯಲಾರದವಳಿಗೆ ನೆಲ ಡೊಂಕು" ಎಂದ ಪರೀಕ್ಷಕ. ಸುತ್ತ ನಿಂತವರು ನಕ್ಕರು. ಹುಡುಗಿ ತಲೆ ತಗ್ಗಿಸಿ ಹೊರಗೆ ಹೋದಳು.

ಸ್ವಲ್ಪ ಹೊತ್ತಿಗೆ ಪರೀಕ್ಷಕ ನೀರು ಕುಡಿಯಲೆಂದು ಜಗಲಿಗೆ ಬಂದ. ಅಪ್ಪ ಇನ್ನೂ ಒಳಗೆ ಯಾರಲ್ಲೋ ಬೇಡಿಕೊಳ್ಳುತ್ತಿದ್ದ. ಹುಡುಗಿ ಜಗಲಿಯ ಮೇಲೆ ಚಕ್ಕಂಬಕ್ಕಲ ಹಾಕಿ ಕೂತಿದ್ದಳು. ಮುಂದೆ ಮನೆಯಿಂದ ತಂದಿದ್ದ ಅಂಥದೇ ಒಂದು ಗಡಿಗೆ, ಒಂದಿಷ್ಟು ಬೀಜ. ಅಳುತ್ತಲೇ ಬೀಜ ಹಾಕುತ್ತಿದ್ದಳು. ಒಂದೂ ಹೊರಗೆ ಬೀಳಲಿಲ್ಲ.

ಪರೀಕ್ಷಕನಿಗೆ ಸಿಟ್ಟು ಬಂತು. ನನ್ನ ಮುಂದೆ ನಾಟಕ ಆಡಿದಳೇ! ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಮತ್ತೆ ಪೀಠದ ಮೇಲೆ ಕೂರಿಸಿದ. ಬೀಜ ಮತ್ತೆ ಚೆಲ್ಲಾಪಿಲ್ಲಿಯಾದವು. ಹುಡುಗಿಯ ಮುಖ ನೋಡಿದ. ಅದರಲ್ಲಿ ನಾಟಕವಿರಲಿಲ್ಲ. ಆಗ ಅವನ ಸಿಟ್ಟು ಇಳಿಯಿತು, ಭಯ ಹತ್ತಿತು.

"ಒಂದು ಹುಡುಗಿಗೆ ಇಷ್ಟೊಂದು ರಾಮಾಯಣವೇ? ಒಮ್ಮೆ ಹೇಳಿದ್ದಾಯಿತಲ್ಲ, ಕಳಿಸಿಬಿಡಿ" ಎಂದರು ಶಾಲೆಯ ಹಿರಿಯರು.

"ಒಂದೇ ರಾಗಿಯನ್ನು ಒಂದೇ ಸೇರಿನಲ್ಲಿ ಅಳೆದು ಎರಡು ಲೆಕ್ಕ ಬಂದರೆ ರಾಗಿಯನ್ನು ಬೈಯುತ್ತೀರಾ? ಇದು ತಿಳಿಯುವ ತನಕ ನಾನು ಇಲ್ಲಿಂದ ಏಳುವುದಿಲ್ಲ" ಎಂದ ಪರೀಕ್ಷಕ.

ತನ್ನನ್ನು ಕಂಡು ಹೆದರಿರಬಹುದೆಂದು ಕಂಬದ ಮರೆಗೆ ಹೋಗಿ ನಿಂತ. ಬೀಜ ಚೆಲ್ಲಿದವು. ಹಸಿದಿರಬಹುದೆಂದು ರೊಟ್ಟಿ ತರಿಸಿ ತಿನ್ನಿಸಿದ. ಆಗಲೂ ಚೆಲ್ಲಿದವು. ಜಗಲಿಯ ಗಡಿಗೆಯನ್ನೇ ಒಳಗೆ ತಂದಿಟ್ಟ, ಬೆಳಕಿಗೆ ಮುಖ ಮಾಡಿಸಿ ಕೂರಿಸಿದ. ಊಹೂಂ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸುತ್ತಿದ್ದ, ಉಳಿದದ್ದನ್ನು ಇದ್ದಂತೆಯೇ ಇಡುತ್ತಿದ್ದ. ಹಿರಿಯರು ಬೇಸತ್ತು ಊಟಕ್ಕೆ ಎದ್ದು ಹೋದರು. ಹುಡುಗಿಯೂ ಹಟಮಾರಿ, ಸಾಕು ಅನ್ನಲಿಲ್ಲ. ಚೆಲ್ಲಿದ್ದನ್ನು ಆರಿಸಿ ಆರಿಸಿ ತಂದು ಮತ್ತೆ ಪೀಠ ಹತ್ತುತ್ತಿದ್ದಳು.

ಕೊನೆಗೆ ಒಂದು ಬೀಜ ಉರುಳಿ ಪೀಠದ ಕೆಳಗೆ ಹೋಯಿತು. ತೆಗೆಯಲೆಂದು ಪರೀಕ್ಷಕ ತಾನೇ ಬಗ್ಗಿದ. ಅಲ್ಲಿ ಅವನಿಗೆ ಎರಡು ಪುಟ್ಟ ಕಾಲು ಕಂಡವು. ಅವು ನೆಲ ಮುಟ್ಟಿರಲಿಲ್ಲ. ಮೇಲೆ ಕೈ ಬೀಜ ಹಿಡಿದಾಗಲೆಲ್ಲ ಕೆಳಗೆ ಕಾಲ್ಬೆರಳು ನೆಲವನ್ನು ತಡಕುತ್ತಿದ್ದವು. ಬೀಳದೆ ಕೂರುವುದೇ ಆ ಮಗುವಿಗೆ ಅರ್ಧ ಕೆಲಸವಾಗಿತ್ತು.

ಮುಖ ನೋಡಿ ಮಣೆ ಹಾಕದವನು ಅಂದು ಕಾಲು ನೋಡಿ ಮಣೆ ಹಾಕಿದ. ಹುಡುಗಿಯ ಪಾದ ಮಣೆಯ ಮೇಲೆ ಊರಿತು, ಬೆನ್ನು ನೆಟ್ಟಗಾಯಿತು. ಪರೀಕ್ಷಕ ಎಣಿಸತೊಡಗಿದ. ನೂರು ಮುಗಿಯುವ ಮೊದಲೇ ಬೀಜ ಮುಗಿದವು. ಗಾಣಿಗ ಹೋ ಎಂದು ಅತ್ತುಬಿಟ್ಟ.

ಪರೀಕ್ಷಕನಿಗೆ ಮಾತ್ರ ಸಮಾಧಾನವಾಗಲಿಲ್ಲ. ಆ ಪೀಠದಿಂದ ಇಳಿಸಿ ಮನೆಗೆ ಕಳಿಸಿದ ಗಿಡ್ಡ ಮಕ್ಕಳೆಲ್ಲ ಅವನಿಗೆ ನೆನಪಾದರು. ಆ ಮಕ್ಕಳ ವಯಸ್ಸು ನೋಡುವುದಿಲ್ಲವೆಂದು ಹಿರಿಯರೊಡನೆ ಜಗಳವಾಡಿ ಒಪ್ಪಿಸಿದ. ಮರುದಿನವೇ ಕಂಕುಳಲ್ಲಿ ಮಣೆ, ಹೆಗಲಿಗೆ ಬೀಜದ ಚೀಲ ಹಾಕಿಕೊಂಡು ಅವರ ಮನೆಗಳಿಗೆ ಹೊರಟ. ಬಾಗಿಲು ಬಾಗಿಲಿಗೆ ಹೋಗಿ, "ನಾನು ಸರಿಯಾಗಿ ಅಳೆದಿರಲಿಲ್ಲ, ಇನ್ನೊಮ್ಮೆ ಅಳೆಯಲು ಬಂದಿದ್ದೇನೆ" ಎಂದ. ಕೆಲವರು ಬೈದರು, ಬೈಸಿಕೊಂಡ. ಕೆಲವು ಮಕ್ಕಳ ಕೈಗೆ ಮಣೆಯಿಟ್ಟರೂ ಬಲವಿರಲಿಲ್ಲ. ಅದನ್ನೂ ಮುಚ್ಚಿಡದೆ ಹೇಳಿದ. ಆದರೆ ಒಂದೇ ಮಗುವಿಗೆ ಇಂದು ಒಂದು, ನಾಳೆ ಇನ್ನೊಂದು ತೀರ್ಪು ಮತ್ತೆ ಅವನ ಬಾಯಿಂದ ಬರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

"ಕತೆ ಚೆನ್ನಾಗಿದೆ ಬುದ್ಧೀ. ಆದರೆ ನಮ್ಮ ಶಾಲೆಯಲ್ಲಿ ಎತ್ತರದ ಪೀಠವೇ ಇಲ್ಲವಲ್ಲ. ಎಲ್ಲರೂ ಚಾಪೆಯ ಮೇಲೇ ಕೂರುತ್ತಾರೆ. ಆ ಹುಡುಗ ಕೈ ಮರಗಟ್ಟಿದೆ ಅಂದದ್ದು ನೆಪವೇ ಸರಿ."

"ಅವನು ಹಾಗಂದಾಗ ಅವನ ಕೈ ಮುಟ್ಟಿ ನೋಡಿದೆಯಾ?"

"ಇಲ್ಲ ಬುದ್ಧೀ."

"ಕುಣಿಯುವವಳು ನೆಲ ಡೊಂಕು ಅನ್ನಬಾರದು, ಒಪ್ಪಿದೆ. ಆದರೆ ತೀರ್ಪು ಕೊಡುವವನು ಬಗ್ಗಿ ನೋಡಬಾರದು ಅಂತ ಯಾವ ಗಾದೆಯಲ್ಲಿದೆಯೋ?"

ಚನ್ನಮಲ್ಲ ಎದ್ದು, ದುರುಗೇಶನ ಕೈ ಮುಟ್ಟಿ ನೋಡಲು ಶಾಲೆಯ ಕಡೆ ನಡೆದ.