ಪರಪ್ಪನ ಗಾಡಿ ಮತ್ತು ಗೋಡೆಯ ಮೇಲಿನ ಅಂಕಿ

ಒಂದು ನಾಟಕ ಕಂಪನಿಯಲ್ಲಿ ಪರಪ್ಪ ಎಂಬ ನಟನಿದ್ದ. ರಂಗದ ಮೇಲೆ ಅವನು ಯಾವಾಗಲೂ ಒಳ್ಳೆಯ ಗಂಡ. ಹೆಂಡತಿಯ ಕಣ್ಣೀರು ಒರೆಸುವುದು, ಅವಳ ಕಷ್ಟ ಕೇಳಿ ಎದೆ ಬಡಿದುಕೊಳ್ಳುವುದು, ಕೊನೆಯ ಅಂಕದಲ್ಲಿ ಅವಳ ಕೈ ಹಿಡಿದು "ನೀನೇ ಈ ಮನೆಯ ದೀಪ" ಎನ್ನುವುದು, ಇವೆಲ್ಲ ಅವನಿಗೆ ನೀರು ಕುಡಿದಷ್ಟು ಸಲೀಸು. ವರ್ಷದ ಹತ್ತು ತಿಂಗಳು ಕಂಪನಿಯ ಜೊತೆ ಊರೂರು ಸುತ್ತಿ, ಇಷ್ಟನ್ನೇ ಮಾಡಿ ಚಪ್ಪಾಳೆ ಗಿಟ್ಟಿಸುತ್ತಿದ್ದ. ಮಳೆಗಾಲದ ಎರಡು ತಿಂಗಳು ಮಾತ್ರ ಮನೆ.

ಮನೆಯಲ್ಲಿ ನಿಜವಾದ ಹೆಂಡತಿ ಸಾವಂತ್ರೆವ್ವ ಇದ್ದಳು. ಜೋಳದ ರೊಟ್ಟಿ ಬಡಿದು ಮಾರುವುದು ಅವಳ ಕಸುಬು. ಕೋಳಿ ಕೂಗುವ ಹೊತ್ತಿಗೆ ಒಲೆ ಹಚ್ಚಿದರೆ ಬಿಸಿಲೇರುವಷ್ಟರಲ್ಲಿ ನೂರು ರೊಟ್ಟಿ. ಅವನ್ನು ಬುಟ್ಟಿಗೆ ತುಂಬಿ, ತಲೆಯ ಮೇಲೆ ಬಟ್ಟೆಯ ಸಿಂಬಿ ಇಟ್ಟು, ಬುಟ್ಟಿ ಹೊತ್ತು, ಮೂರು ಕಿಲೋಮೀಟರ್ ದೂರದ ಕ್ರಾಸಿನಲ್ಲಿರುವ ಖಾನಾವಳಿಗೆ ನಡೆದೇ ಹೋಗುತ್ತಿದ್ದಳು.

ಅವಳು ನಡೆಯುವಾಗ, ಮನೆಯ ಪಡಸಾಲೆಯಲ್ಲಿ ಒಂದು ಕೆಂಪು ಮೋಟರ್‌ಸೈಕಲ್ಲು ಕೂತಿರುತ್ತಿತ್ತು. ನಿಂತಿರುತ್ತಿತ್ತು ಎಂದರೆ ಅದರ ಮರ್ಯಾದೆಗೆ ಕಡಿಮೆ. ಅದು ರಾಜನಂತೆ ಕೂತಿರುತ್ತಿತ್ತು. ಅದರ ಮೇಲೆ ಕಂಪನಿಯ ಹಳೆಯ ಪರದೆಯ ಒಂದು ತುಂಡು ಹೊದಿಸಿತ್ತು. ಅದರಲ್ಲಿ ಅರಮನೆಯ ಕಂಬಗಳ ಚಿತ್ರ. ಕಿಕ್ ಇಲ್ಲದ ಹೊಸ ಮಾಡೆಲ್ಲು, ಗುಂಡಿ ಒತ್ತಿದರಷ್ಟೇ ಚಾಲೂ. ಕೀಲಿ ಇರುತ್ತಿದ್ದದ್ದು ದೇವರ ಜಗಲಿಯ ಮೇಲೆ, ವಿಭೂತಿ ಗಟ್ಟಿಯ ಪಕ್ಕ.

ಸಾವಂತ್ರೆವ್ವನಿಗೆ ಗಾಡಿ ಹೊಡೆಯಲು ಬರುತ್ತಿರಲಿಲ್ಲವೇ? ಬರುತ್ತಿತ್ತು. ತವರಿನಲ್ಲಿ ಅಣ್ಣನ ಗಾಡಿಯ ಮೇಲೆ ಹೊಲಕ್ಕೆ ಬುತ್ತಿ ಒಯ್ದವಳು. ಲೈಸೆನ್ಸೂ ಇತ್ತು. ಇಲ್ಲದಿದ್ದದ್ದು ಅಪ್ಪಣೆ.

ಕಂಪನಿಗೆ ಹೊರಡುವ ದಿನ ಪರಪ್ಪ ಮೀಟರಿನ ಅಂಕಿ ನೋಡಿ, ಇದ್ದಿಲು ತಗೊಂಡು ಗೋಡೆಯ ಮೇಲೆ ದೊಡ್ಡದಾಗಿ ಬರೆಯುತ್ತಿದ್ದ. "ನಾ ತಿರುಗಿ ಬರೂತನಕ ಇದರಾಗ ಒಂದ ಅಂಕಿ ಹೆಚ್ಚಾಗಬಾರದು. ಮಾತ ಕೊಡು." ಸಾವಂತ್ರೆವ್ವ ಕೊಟ್ಟಳು.

ಮುಟ್ಟಬಾರದು ಎಂದ ಮಾತ್ರಕ್ಕೆ ಪರಪ್ಪನಿಗೆ ಗಾಡಿಯ ಮೇಲೆ ಕಾಳಜಿ ಇರಲಿಲ್ಲ ಅನ್ನಬೇಡಿ. ಪ್ರತಿ ರವಿವಾರ ಮುಂಜಾನೆ ಹತ್ತಕ್ಕೆ ಸರಿಯಾಗಿ ಫೋನು ಬರುತ್ತಿತ್ತು.

"ಏ ಸಾವಂತ್ರೀ, ಚಾಲೂ ಮಾಡು. ಸಪ್ಪಳ ಕೇಳೂಣು."

ಅವಳು ಕೀಲಿ ತಂದು, ಅರಮನೆ ಸರಿಸಿ, ಗುಂಡಿ ಒತ್ತುವಳು. ಗಾಡಿ ಗುಡುಗುವುದು. ಫೋನನ್ನು ಸೈಲೆನ್ಸರಿನ ಹತ್ತಿರ ಹಿಡಿಯುವಳು. ಅತ್ತ ಪರಪ್ಪ ಸ್ಪೀಕರ್ ಹಾಕಿ ಕಂಪನಿಯ ಇಡೀ ಬಿಡಾರಕ್ಕೆ ಕೇಳಿಸುವನು.

"ಕೇಳ್ರ್ಯೋ, ನನ್ನ ಹುಲಿ ಹೆಂಗ ಗುರ್ ಅಂತೈತಿ!"

ಹತ್ತು ಎಣಿಸುವಷ್ಟರಲ್ಲಿ, "ಸಾಕ, ಸಾಕ, ಬಂದ್ ಮಾಡು. ಸುಮ್ನ ಎಣ್ಣಿ ಸುಡಬ್ಯಾಡ." ಫೋನ್ ಕಟ್.

ಹುಲಿಯ ಯೋಗಕ್ಷೇಮ ಮುಗಿಯಿತು. ಹುಲಿಯನ್ನು ಕಾಯುವವಳು ಉಂಡಳೇ, ಅವಳ ಮೊಣಕಾಲು ಹೇಗಿದೆ ಎಂಬ ಮಾತು ಆ ಪಾತ್ರಕ್ಕೆ ಬರೆದಿರಲಿಲ್ಲ.

ಮೊದಲ ವರ್ಷ, ಕಂಪನಿ ಮುಚ್ಚಲು ಇನ್ನು ನಾಲ್ಕು ವಾರ ಇದೆ ಎನ್ನುವಾಗ, ಹುಲಿ ಗುಡುಗಲಿಲ್ಲ. ಗುಂಡಿ ಒತ್ತಿದರೆ ಹಲ್ಲಿ ಲೊಚಗುಟ್ಟಿದಂತೆ ಟಿಕ್, ಟಿಕ್. ಬ್ಯಾಟರಿ ಸತ್ತಿತ್ತು. ಪರಪ್ಪ ಬಂದವನೇ ಬ್ಯಾಟರಿ ಕೊಟ್ಟ ಅಂಗಡಿಯವನ ಏಳು ತಲೆಮಾರನ್ನು ಬೈದು, ಹೊಸದು ಹಾಕಿಸಿದ. ಅಷ್ಟಕ್ಕೇ ಬಿಡದೆ, ಕಳ್ಳರು ಮುಟ್ಟಿದರೆ ಕಿರುಚುವ ಒಂದು ಯಂತ್ರವನ್ನೂ ಕೂರಿಸಿದ. ಅದಕ್ಕೊಂದು ಕೆಂಪು ಕಣ್ಣು. ಹಗಲೂ ರಾತ್ರಿ ಪಿಳಿಪಿಳಿ ಮಿನುಗುತ್ತಿತ್ತು. ಗೋಡೆಯ ಮೇಲೆ ಹೊಸ ಅಂಕಿ ಬರೆದ: ೪೩೧೬. ಕಂಪನಿಗೆ ಹೋದ.

ಎರಡನೆಯ ವರ್ಷದ ಬೇಸಿಗೆಯಲ್ಲಿ ಖಾನಾವಳಿಯ ಗುರುಬಸವ್ವ ಸಾವಂತ್ರೆವ್ವನನ್ನು ಕೂರಿಸಿಕೊಂಡು ಹೇಳಿದಳು. "ಹೆದ್ದಾರಿ ಕೆಲಸದವ್ರು ಬಂದಾರವ್ವಾ. ನೂರ ರೊಟ್ಟಿ ಎಲ್ಲಿಗೂ ಸಾಲಂಗಿಲ್ಲ, ಮುನ್ನೂರು ಬೇಕು. ಮುಂಜಾನೆ ಒಮ್ಮಿ, ಸಂಜೀಕ ಒಮ್ಮಿ ತರಬೇಕು. ಹೊತ್ಕೊಂಡ ತಿರಗೂದು ಆಗೂ ಮಾತಲ್ಲ. ನಿಮ್ಮನ್ಯಾಗ ಗಾಡಿ ಐತೆಲ್ಲ?"

ಇತ್ತು. ಮನೆಗೆ ಬಂದು ಸಾವಂತ್ರೆವ್ವ ತಾನಾಗಿಯೇ ಮೊದಲ ಸಲ ಫೋನು ಹಚ್ಚಿದಳು. ಪರಪ್ಪ ಪೂರ್ತಿ ಕೇಳಲೂ ಇಲ್ಲ.

"ರೊಟ್ಟಿ ಬುಟ್ಟಿ ನನ್ನ ಗಾಡಿ ಮ್ಯಾಲ? ಅದೇನ ಹೇರ ಹೊರೂ ಕತ್ತೆ ಅಂತ ತಿಳದೀಯೇನ? ಓಡಿಸಿದ್ರ ಸವೀತೈತಿ."

"ನಡದ್ರ ನಾ ಸವಿಯಂಗಿಲ್ಲೇನ್ರೀ?"

"ನಾಟಕದ ಮಾತ ನನಗ ಕಲಸಬ್ಯಾಡ" ಎಂದು ಇಟ್ಟುಬಿಟ್ಟ.

ಜಗಲಿ ಮೂರು ಹೆಜ್ಜೆ ದೂರ. ಕೀಲಿ ಕೈಗೆ ಸಿಗುವಂತಿತ್ತು. ಒಯ್ದಿದ್ದರೆ ತಡೆಯುವವರಾರು? ಆದರೆ ಸಾವಂತ್ರೆವ್ವ ಗೋಡೆಯ ಅಂಕಿ ನೋಡಿದಳು, ಕೊಟ್ಟ ಮಾತು ನೆನೆದಳು, ಸಿಂಬಿ ತಲೆಗಿಟ್ಟಳು. ದಿನಕ್ಕೆ ಎರಡು ಸಲ ಹೋದಳು, ಎರಡು ಸಲ ಬಂದಳು. ನಾಲ್ಕನೆಯ ದಿನ ಮೊಣಕಾಲು ಬಾತವು. ಆರನೆಯ ದಿನ ಹೊತ್ತು ಮೀರಿತು, ಕೂಲಿಯವರು ಬರಿ ಅನ್ನ ಉಂಡು ಎದ್ದರು. ಎಂಟನೆಯ ದಿನ ಗುರುಬಸವ್ವ, "ತಪ್ಪ ತಿಳೀಬ್ಯಾಡವ್ವಾ" ಎಂದು ರೊಟ್ಟಿಯ ಕೆಲಸ ಬೇರೆಯವರಿಗೆ ಕೊಟ್ಟಳು. ಮುನ್ನೂರು ಹೋಯಿತು. ಮೊದಲಿನಿಂದ ಕೊಡುತ್ತಿದ್ದ ನೂರೂ ಅದರ ಜೊತೆ ಹೋಯಿತು.

ಅದಾದ ಮೂರನೆಯ ರವಿವಾರ ಗಾಡಿ ಮತ್ತೆ ಟಿಕ್ ಅಂದಿತು. ಆಮೇಲೆ ಅದನ್ನೂ ಅನ್ನಲಿಲ್ಲ.

ಮಳೆಗಾಲಕ್ಕೆ ಪರಪ್ಪ ಬಂದಿಳಿದ. ಕಾಲು ತೊಳೆಯಲಿಲ್ಲ, ನೀರು ಕುಡಿಯಲಿಲ್ಲ. ಗಾಡಿಯನ್ನು ಅಂಗಳಕ್ಕೆ ತಳ್ಳಿ, ಓಣಿಯೆಲ್ಲ ಕೇಳುವಂತೆ, ಮೈಕಿಲ್ಲದೆ ಸಾವಿರ ಜನಕ್ಕೆ ಮುಟ್ಟಿಸುವ ಆ ಕಂಠದಲ್ಲಿ ಕೂಗಿದ.

"ಎರಡನೇ ಬ್ಯಾಟರಿ! ಹೇಳು, ಎಲ್ಲೆಲ್ಲಿ ತಿರುಗಿದಿ? ಖಾನಾವಳಿಗೆ ಎಷ್ಟ ದಿನ ಕದ್ದ ಒಯ್ದಿ? ಮಾತ ಕೊಟ್ಟಿದ್ದಿಲ್ಲೇನ ನೀ?"

ಓಣಿಯವರು ಬಾಗಿಲಿಗೆ ಬಂದರು. ಸಾವಂತ್ರೆವ್ವ ಹಿಟ್ಟಿನ ಕೈಯಲ್ಲೇ ನಿಂತಿದ್ದಳು. ಮೈಯೆಲ್ಲ ಉರಿಯಿತು. ಕದಿಯಬಹುದಾಗಿದ್ದ ದಿನ ಕದಿಯದೆ, ಕದ್ದವಳು ಎನಿಸಿಕೊಳ್ಳುವುದಕ್ಕಿಂತ ಹೆಚ್ಚಿನ ಉರಿ ಯಾವುದಿದೆ? ಅವಳು ಅಳಲಿಲ್ಲ. ಪಕ್ಕದ ಮನೆಯವರನ್ನು ಕಳಿಸಿ ಮೆಕ್ಯಾನಿಕ್ ರಾಜೇಸಾಬನನ್ನು ಕರೆಸಿದಳು.

ರಾಜೇಸಾಬ್ ಬಿಳಿಗಡ್ಡದ ಮನುಷ್ಯ, ಮಾತು ಕಡಿಮೆ. ತಾನು ತಂದ ಬ್ಯಾಟರಿಗೆ ತಂತಿ ಸಿಕ್ಕಿಸಿದ. ಮೀಟರ್ ಬೆಳಗಿತು. ಅವನು ಕಣ್ಣು ಕಿರಿದು ಮಾಡಿ ಓದಿದ: ನಾಲ್ಕು ಸಾವಿರದ ಮುನ್ನೂರಾ ಹದಿನಾರು. ಆಮೇಲೆ ಪಡಸಾಲೆಯ ಗೋಡೆಯ ಕಡೆ ನೋಡಿದ. ಅಲ್ಲೂ ಅದೇ.

"ಪರಪ್ಪಣ್ಣ, ಈ ಅಂಕಿ ಬರದಾವ್ರು ಯಾರು?"

"ನಾನ."

"ಹಂಗಾರ ಬ್ಯಾಟರಿ ಕೊಂದಾವ್ರೂ ನೀವ."

ಯಾರೋ ಕಿಸಕ್ಕೆಂದರು. ಪರಪ್ಪ ಮೀಸೆ ಮುಟ್ಟಿಕೊಂಡ. "ನಾ ಊರಾಗ ಇದ್ನೇನು?"

"ಇರಲಿಲ್ಲ, ಖರೇ. ರವಿವಾರಕ್ಕೊಮ್ಮೆ ಸಪ್ಪಳ ಕೇಳ್ತಿದ್ರೆಲ್ಲ, ಓಣಿಗೆಲ್ಲ ಗೊತ್ತೈತಿ. ಗುಂಡಿ ಒತ್ತಿದಾಗ ಬ್ಯಾಟರಿ ಒಂದ ದೊಡ್ಡ ಗುಟುಕ ಕೊಡತೈತಿ. ಗಾಡಿ ರಸ್ತಾದ ಮ್ಯಾಲ ಅರ್ಧಾ ತಾಸ ಓಡಿದ್ರ ಆ ಗುಟುಕ ತಿರುಗಿ ತುಂಬತೈತಿ. ನೀವು ಹತ್ತ ಎಣಿಸೂದರಾಗ ಬಂದ್ ಮಾಡಸ್ತೀರಿ. ತಗೊಂಡದ್ದ ತಗೊಂಡದ್ದು, ಕೊಟ್ಟದ್ದು ಏನೂ ಇಲ್ಲ. ಸಾಲದ್ದಕ್ಕ ಈ ಕೆಂಪ ಕಣ್ಣ ಕುಂದರಿಸೀರಿ. ಇದು ಹನಿ ಹನಿ ಕುಡಕೊಂತ ಕುಂತೈತಿ. ಕಳ್ಳರ್ನ ಕಾಯಾಕ ಕಳ್ಳನ್ನ ಇಟ್ಟಂಗಾತು."

"ಮತ್ತೇನ ಮಾಡಬೇಕಿತ್ತು?"

"ವಾರಕ್ಕೊಮ್ಮೆ ಯಾರರೆ ಓಡಸಬೇಕಿತ್ತು. ಅದು ಆಗಂಗಿಲ್ಲ ಅಂದ್ರ, ಮೊದಲ ಕರೀ ವಾಯರ್, ಆಮ್ಯಾಲ ಕೆಂಪ ವಾಯರ್ ಬಿಚ್ಚಿ, ಬ್ಯಾಟರಿ ತಗದು ಒಣಾ ಜಾಗಾದಾಗ ಇಡಬೇಕಿತ್ತು. ತಿಂಗಳಿಗೊಮ್ಮೆ ನನ್ನ ಕಡೆ ತಂದಿದ್ರ ಚಾರ್ಜ್ ಮಾಡಿ ಕೊಡ್ತಿದ್ದೆ. ಓಡಸೂದೂ ಇಲ್ಲ, ಬಿಚ್ಚೂದೂ ಇಲ್ಲ ಅಂದ್ರ ಅದಾದ್ರೂ ಏನ ಮಾಡಬೇಕು?"

ಸಾವಂತ್ರೆವ್ವ ಒಳಗೆ ಹೋಗಿ ಒದ್ದೆ ಬಟ್ಟೆ ತಂದಳು. ಎಲ್ಲರ ಎದುರಿಗೆ ಗೋಡೆಯ ಅಂಕಿಯನ್ನು ಒರೆಸಿದಳು. ಇದ್ದಿಲು ಕರಗಿ ಸುಣ್ಣದ ಮೇಲೆ ಕಪ್ಪಾಗಿ ಹರಿಯಿತು.

"ಎರಡ ವರ್ಷ ಇದನ್ನ ಕಾಯ್ದೆ. ಅಂಕಿ ಉಳೀತು. ಬ್ಯಾಟರಿ ಹೋತು. ನನ್ನ ಮೊಣಕಾಲ ಹೋದೂ. ಖಾನಾವಳಿ ರೊಟ್ಟಿ ಹೋತು. ಈಗ ಕಳ್ಳಿ ಅನ್ನೂ ಹೆಸರೂ ಬಂತು. ಮಂದಿ ಮುಂದ ಅಂದೀರಿ, ಮಂದಿ ಮುಂದನ ಕೇಳ್ತೀನಿ. ಇಷ್ಟರಾಗ ನೀವು ಉಳಿಸಿದ್ದೇನು ಹೇಳ್ರಿ?"

ಪರಪ್ಪ ಅಭ್ಯಾಸದಂತೆ ಹಿಂದಕ್ಕೆ ತಿರುಗಿ ನೋಡಿದ. ರಂಗದ ಮೇಲಾದರೆ ಪರದೆಯ ಹಿಂದಿನಿಂದ ಮಾತು ಹೇಳಿಕೊಡುವವನೊಬ್ಬ ಇರುತ್ತಾನೆ.

"ಎರಡರಾಗ ಒಂದ ಹೇಳ್ರಿ" ಎಂದಳು ಸಾವಂತ್ರೆವ್ವ. "ಕೀಲಿ ನನ್ನ ಕೈಯಾಗ ಕೊಡ್ರಿ. ಇಲ್ಲಾ ಈ ಬ್ಯಾಟರಿ ಹೊತ್ಕೊಂಡು ಬಿಡಾರಕ್ಕ ಹೋಗ್ರಿ. ರವಿವಾರ ಅಲ್ಲೇ ಕಿವಿ ಹಚ್ಚಿ ಕೇಳ್ರಿ."

ಬುದ್ಧಿ ಬಂದು ಕೀಲಿ ಕೊಟ್ಟ ಎಂದರೆ ಕಥೆಗೆ ಚೆಂದ. ಆದರೆ ಅವನು ಕೊಟ್ಟದ್ದು ಎದುರಿಗೆ ಪ್ರೇಕ್ಷಕರಿದ್ದರು ಎಂಬ ಕಾರಣಕ್ಕೆ. ಇರಲಿ. ಕೀಲಿಗೆ ಅದರ ಹಂಗಿಲ್ಲ.

ಹೆದ್ದಾರಿಯವರು ಆ ಹೊತ್ತಿಗೆ ಕೆಲಸ ಮುಗಿಸಿ ಹೋಗಿಬಿಟ್ಟಿದ್ದರು. ಆ ಮುನ್ನೂರು ರೊಟ್ಟಿ ಮರಳಿ ಬರಲಿಲ್ಲ. ಕಳೆದದ್ದೆಲ್ಲ ಬರುತ್ತದೆ ಎಂದು ಸುಳ್ಳು ಹೇಳುವುದಿಲ್ಲ. ಸಾವಂತ್ರೆವ್ವ ಕ್ರಾಸಿನಾಚೆ ಎರಡು ಖಾನಾವಳಿ ಹೊಸದಾಗಿ ಹಿಡಿದಳು. ಕೆಂಪು ಕಣ್ಣಿನ ಯಂತ್ರವನ್ನು ರಾಜೇಸಾಬ್ ಕಿತ್ತು ಕೊಟ್ಟ. ಅರಮನೆಯ ಪರದೆ ರೊಟ್ಟಿ ಒಣಹಾಕಲು ಒದಗಿತು.

ಪರಪ್ಪ ಮತ್ತೆ ಕಂಪನಿಗೆ ಹೋದ ಮೇಲೆ, ರವಿವಾರ ಮುಂಜಾನೆ ಹತ್ತಕ್ಕೆ ಫೋನು ಬಂತು.

"ಏ ಸಾವಂತ್ರೀ, ಚಾಲೂ ಮಾಡು. ಸಪ್ಪಳ ಕೇಳೂಣು."

"ಚಾಲೂನ ಐತ್ರಿ. ರಸ್ತಾದ ಬಾಜೂಕ ನಿಂತೀನಿ. ರೊಟ್ಟಿ ಆರತಾವು, ಲಗೂ ಹೇಳ್ರಿ."

"ಮೀಟರ್... ಎಷ್ಟಾಗೇತಿ?"

"ಬರದ ಇಡಾಕ ಗ್ವಾಡಿ ಸಾಲಂಗಿಲ್ರಿ."

ಅತ್ತ ಅವನು ಸ್ಪೀಕರ್ ತೆಗೆದು ಆಚೆ ಸರಿದನೋ ಏನೋ, ಬಿಡಾರದ ಗದ್ದಲ ನಿಂತಿತು. ಆಮೇಲೆ ಪರಪ್ಪ ನಾಟಕದ್ದಲ್ಲದ, ತೀರ ಸಣ್ಣ ದನಿಯಲ್ಲಿ ಕೇಳಿದ.

"ಮೊಣಕಾಲ ಹೆಂಗದಾವು?"

"ಹತ್ತ ಎಣಿಸೂದರಾಗ ಹೇಳೂವಂಥ ಸುದ್ದಿ ಅಲ್ರಿ ಅದು. ಅರ್ಧಾ ತಾಸ ಪುರಸೊತ್ತ ಇದ್ರ ಸಂಜೀಕ ಫೋನ್ ಹಚ್ಚರಿ" ಎಂದು, ಈ ಸಲ ಫೋನನ್ನು ಅವಳೇ ಕಟ್ ಮಾಡಿ, ಗಾಡಿಯನ್ನು ಗೇರಿಗೆ ಹಾಕಿದಳು.

ನೀತಿ: ಮುಟ್ಟದೆ, ಮುಟ್ಟಗೊಡದೆ ಇಡುವುದು ಕಾಪಾಡುವುದಲ್ಲ. ಗಾಡಿಯನ್ನು ಓಡಿಸಿ, ಇಲ್ಲವೇ ತಂತಿ ಬಿಚ್ಚಿಡಿ. ಎರಡೂ ಮಾಡದೆ ವಾರಕ್ಕೊಮ್ಮೆ ಸದ್ದು ಕೇಳಿ ಸುಖಪಡುವವನು ಅದಕ್ಕೆ ಏನೂ ಕೊಡುವುದಿಲ್ಲ, ಅದರಿಂದ ಕುಡಿಯುತ್ತಾನೆ. ಹಾಳಾದ ಮೇಲೆ ಕಳ್ಳರನ್ನು ಹುಡುಕುವ ಮುಂಚೆ ಗೋಡೆಯ ಮೇಲಿನ ಬರಹ ಯಾರ ಕೈಯದೆಂದು ನೋಡಿಕೊಳ್ಳಿ. ಇದು ಬ್ಯಾಟರಿಯ ಕಥೆ ಮಾತ್ರ ಎಂದುಕೊಂಡವರು ಇನ್ನೊಮ್ಮೆ ಮೊದಲಿನಿಂದ ಓದತಕ್ಕದ್ದು.