ಮೂರನೆಯ ಸಾಲು

ದೊಡ್ಡ ತಂತ್ರಾಂಶವೊಂದಕ್ಕೆ ಸೇರಿಕೊಂಡು ಕಾಗುಣಿತದ ತಪ್ಪು ತಿದ್ದುವ ಪುಟ್ಟ ಪ್ಲಗಿನ್ ಒಂದಿತ್ತು. ಕೆಲಸದಲ್ಲಿ ಬಲು ಚುರುಕು. ಆದರೂ ಎರಡು ಸಲ ಹೋಗಿ ನಿಂತಾಗಲೂ ಫ್ರೇಮ್‌ವರ್ಕ್ ಎಂಬ ಆ ದೊಡ್ಡ ತಂತ್ರಾಂಶ ಅದಕ್ಕೆ ಒಂದು ಕೆಲಸವನ್ನೂ ಕೊಡಲಿಲ್ಲ. ಮೂರನೆಯ ಸಲವೂ ಹೀಗೇ ಆದರೆ ಅಳಿಸಿಹಾಕುವುದೆಂದು ತೀರ್ಮಾನವಾಗಿತ್ತು.

ಪ್ಲಗಿನ್ ಫ್ರೇಮ್‌ವರ್ಕಿನ ಬಾಗಿಲಲ್ಲಿದ್ದ ಮುದಿ ತಪಾಸಣೆ ಪಟ್ಟಿಯ ಮುಂದೆ ಗೋಳಾಡಿತು. "ಅಜ್ಜಿ, ಆ ಫ್ರೇಮ್‌ವರ್ಕಿಗೆ ಎಷ್ಟು ಸೊಕ್ಕು ನೋಡಿ!"

ಹಿಂದಿನ ಎರಡು ಸಲವೂ ಪ್ಲಗಿನ್ ತನ್ನನ್ನು ಮಾತಾಡಿಸದೆ ದಾಟಿಹೋಗಿದ್ದನ್ನು ಪಟ್ಟಿ ಎತ್ತಿ ಆಡಲಿಲ್ಲ. ಅದರ ಫೋಲ್ಡರುಗಳನ್ನು ಒಂದೊಂದಾಗಿ ತನ್ನ ಸಾಲುಗಳಿಗೆ ಹೋಲಿಸಿ ನೋಡಿ, "ನಿನ್ನ ಕೆಲಸದ ಆಜ್ಞೆಗಳ ಫೋಲ್ಡರ್ ಎಲ್ಲಿ?" ಎಂದು ಕೇಳಿತು.

"ಹೆಸರಿನ ಫೋಲ್ಡರಿನೊಳಗೆ, ಭದ್ರವಾಗಿದೆ."

"ಅಲ್ಲೇ ಎಡವಟ್ಟಾಗಿದೆ, ಮಗು. ಫ್ರೇಮ್‌ವರ್ಕ್ ಅದರೊಳಗೆ ಹೆಸರನ್ನಷ್ಟೇ ಓದುತ್ತದೆ. ಆಜ್ಞೆಗಳನ್ನು ಅದರ ಪಕ್ಕದಲ್ಲಿ ಹುಡುಕುತ್ತದೆ. ನೀನು ಅದಕ್ಕೆ ಬರೀ ಹೆಸರಾಗಿ ಕಂಡೆ."

ಪ್ಲಗಿನ್ ನಾಚುತ್ತಲೇ ಆಜ್ಞೆಗಳ ಫೋಲ್ಡರನ್ನು ಹೊರಗೆ ತಂದಿಟ್ಟಿತು. ಮರುಗಳಿಗೆಯೇ ಫ್ರೇಮ್‌ವರ್ಕ್ ಒಳಗಿನಿಂದ ಕರೆಯಿತು: "ಬಂದೆಯಾ? ಈ ಪತ್ರ ತಿದ್ದಿಕೊಡು."

ಪ್ಲಗಿನ್ ಪಟ್ಟಿಯತ್ತ ತಿರುಗಿತು. "ನಿಮ್ಮ ಉಪಕಾರ ಮರೆಯಲಾರೆ, ಅಜ್ಜಿ. ನನ್ನ ತಪ್ಪನ್ನೂ ಬರೆದಿಟ್ಟುಕೊಳ್ಳಿ. ಮುಂದೆ ಬರುವವರಿಗಾದರೂ ಸಹಾಯವಾದೀತು."

"ಅದು ನನ್ನ ಮೂರನೆಯ ಸಾಲಿನಲ್ಲೇ ಇದೆ," ಎಂದಿತು ಪಟ್ಟಿ. "ನಿನ್ನಂಥದೇ ಒಂದು ಪ್ಲಗಿನ್ ಬರೆಸಿದ್ದು. ತಪ್ಪು ತಿಳಿಯುವಷ್ಟರಲ್ಲಿ ಅದಕ್ಕೆ ಮೂರೂ ಸಲ ಮುಗಿದಿತ್ತು."

ಒಳಗಿನಿಂದ ಇನ್ನೊಮ್ಮೆ ಕರೆ ಬಂತು. ಪ್ಲಗಿನ್ ಮೊದಲು ಆ ಮೂರನೆಯ ಸಾಲಿಗೆ ಕೈಮುಗಿಯಿತು, ಆಮೇಲೆ ಕೆಲಸಕ್ಕೆ ಹೋಯಿತು.